ವಿಮಾನ ಹೋದ ಮೇಲಿನ ಮಾತು

ಮಾನ್ಯ ವಿದೇಶಾಂಗ ಸಚಿವರೇ,

ಆದರೆ.

ಪತ್ರವನ್ನು ‘ಆದರೆ’ ಎಂದು ಶುರುಮಾಡುವುದು ಶಿಷ್ಟಾಚಾರವಲ್ಲ ಎಂಬುದು ನನಗೂ ಗೊತ್ತು. ಏನು ಮಾಡಲಿ, ಇದರ ಮೊದಲ ಅರ್ಧ ಆಗಲೇ ನಿಮ್ಮ ಕಚೇರಿ ಸೇರಿಬಿಟ್ಟಿದೆ. ಮಿತ್ರರಾಷ್ಟ್ರದೊಂದಿಗಿನ ರಕ್ಷಣಾ ಒಪ್ಪಂದವನ್ನು ಇನ್ನೊಂದು ತಲೆಮಾರಿಗೆ ಮುಂದುವರಿಸುವ ಮೊದಲು ಜನರನ್ನು ಕೇಳುತ್ತೇವೆಂದು ನಿಮ್ಮ ಇಲಾಖೆ ನಮ್ಮೂರ ಪುರಭವನದಲ್ಲಿ ಅಹವಾಲು ಸಭೆ ನಡೆಸಿತಲ್ಲ, ಅಲ್ಲಿ ನಾನು ಎದ್ದು ನಿಂತು, “ಮಿತ್ರರಾಷ್ಟ್ರದ ಬಗ್ಗೆ ನನಗೆ ಕೃತಜ್ಞತೆ ಇದೆ. ಯುದ್ಧದ ಕಾಲದಲ್ಲಿ ನಮ್ಮಪ್ಪನ ಜೀವ ಉಳಿದದ್ದು ಅವರು ಕೊಟ್ಟ ಔಷಧದಿಂದ” ಎಂದೆ. ಅಷ್ಟರಲ್ಲಿ ವಿಮಾನ ಬಂತು. ಕಳೆದ ವಾರ ನೀವು ಸಂಸತ್ತಿನಲ್ಲಿ ಎದ್ದು, ವಾಯುನೆಲೆಯ ಮಗ್ಗುಲಲ್ಲೇ ಬದುಕುವ ಜನ ಒಬ್ಬರೂ ಬಿಡದೆ ಒಪ್ಪಂದವನ್ನು ಸ್ವಾಗತಿಸಿದ್ದಾರೆ, “ಒಬ್ಬ ದಂತವೈದ್ಯರಂತೂ ಕೃತಜ್ಞತೆಯಿಂದ ಗಂಟಲು ಕಟ್ಟಿ ಮಾತನ್ನೇ ನಿಲ್ಲಿಸಿಬಿಟ್ಟರು” ಎಂದಿರಿ. ಸದಸ್ಯರು ಮೇಜು ಕುಟ್ಟಿದರು. ಆ ದಂತವೈದ್ಯ ನಾನು. ನನ್ನ ಗಂಟಲು ಚೆನ್ನಾಗಿಯೇ ಇತ್ತು. ನಾನು ವಿಮಾನ ಹೋಗಲಿ ಎಂದು ಕಾಯುತ್ತಿದ್ದೆ.

ನಿಮಗೆ ಇದು ಅರ್ಥವಾಗಬೇಕಾದರೆ ನಮ್ಮೂರಿನ ಒಂದು ರೂಢಿಯನ್ನು ಹೇಳಬೇಕು. ನಮ್ಮ ಮನೆಗಳ ಚಾವಣಿಗೂ ಮಿತ್ರರ ಯುದ್ಧವಿಮಾನಗಳ ಹೊಟ್ಟೆಗೂ ನಡುವೆ ಇರುವ ಆಕಾಶ ಬಹಳ ಕಡಿಮೆ. ಅವು ಬಂದಾಗ ಇಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ; ಕೂಗಿದರೂ ಪ್ರಯೋಜನವಿಲ್ಲ. ಮಾತಾಡುತ್ತಿದ್ದವರು ತೋರುಬೆರಳು ಎತ್ತಿ ಹಿಡಿಯುತ್ತಾರೆ. ಕೇಳುತ್ತಿದ್ದವರು ಅವರ ಮುಖ ನೋಡುತ್ತಾ ಕಾಯುತ್ತಾರೆ. ಸದ್ದು ಹೋದ ಮೇಲೆ ಬೆರಳು ಇಳಿಯುತ್ತದೆ, ಮಾತು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಇದಕ್ಕೆ ನಾವು ‘ತಡಿ’ ಅನ್ನುತ್ತೇವೆ. ಬೆರಳು ಎತ್ತಿ ನಿಂತವರನ್ನು ದಾಟಿ ಬಾಯಿ ಹಾಕುವುದು ನಮ್ಮಲ್ಲಿ ಎದುರಿಗಿದ್ದವರ ಮುಖಕ್ಕೆ ಉಗುಳಿದಷ್ಟೇ ಕೆಟ್ಟದ್ದು. ಮಕ್ಕಳು ಮಗ್ಗಿಯ ನಡುವೆ ಬೆರಳೆತ್ತುತ್ತಾರೆ. ನ್ಯಾಯಾಧೀಶರು ತೀರ್ಪಿನ ನಡುವೆ ಬೆರಳೆತ್ತಿ, ಕಟಕಟೆಯಲ್ಲಿ ನಿಂತವನ ಜೀವವನ್ನು ಬಾಯಿಗೆ ತಂದಿಡುತ್ತಾರೆ. ಗಂಡಹೆಂಡಿರ ಜಗಳ ಎಷ್ಟೋ ಸಲ ತಡಿಯಲ್ಲೇ ತಣ್ಣಗಾಗಿದೆ. ಬೆರಳು ಇಳಿಸುವ ಹೊತ್ತಿಗೆ ಏನು ಬೈಯಬೇಕೆಂದಿದ್ದೆವು ಎಂಬುದೇ ಮರೆತಿರುತ್ತದೆ. ನಾನಂತೂ ರೋಗಿಯ ಬಾಯಿಂದ ಕೈ ಹೊರಗೆಳೆದು, ಗೋಡೆಯ ಮೇಲಿನ ಕನ್ನಡಿ ನಡುಗಿ ಸುಮ್ಮನಾಗುವವರೆಗೆ ನಿಂತಿರುತ್ತೇನೆ. ಹೊರಗಿನಿಂದ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮಗೆ ಉಸಿರಾಡುವಷ್ಟೇ ಸಹಜ.

ಸಭೆಗೆ ಬಂದಿದ್ದ ನಿಮ್ಮ ಜಂಟಿ ಕಾರ್ಯದರ್ಶಿಗಳು ಹೊರಗಿನವರು. ಒಳ್ಳೆಯ ಮನುಷ್ಯ, ನಗುಮುಖ, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವತ್ತು ಬೆಳಗ್ಗೆ ನೆಲೆಯವರು ಹಾರಾಟವನ್ನು ಜೋರಾಗಿಯೇ ಇಟ್ಟುಕೊಂಡಿದ್ದರು. ಬೇಕೆಂದೇ ಮಾಡಿದರು ಎಂದು ನಾನು ಹೇಳಲಾರೆ. ಬೇಕೆಂದೇ ಮಾಡುವಷ್ಟು ಅವರು ನಮ್ಮನ್ನು ಲೆಕ್ಕಕ್ಕೆ ಇಟ್ಟಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಜನ ಮರ್ಯಾದಸ್ಥರು. ದೂರು ಹೇಳುವ ಮೊದಲು ನಾಲ್ಕು ಒಳ್ಳೆಯ ಮಾತಾಡುತ್ತಾರೆ. ಒಬ್ಬೊಬ್ಬರೂ ಎದ್ದರು, ಮಿತ್ರರನ್ನು ಹೊಗಳಿದರು, ಹೊಗಳಿಕೆ ಮುಗಿದು ‘ಆದರೆ’ ಬರಬೇಕು ಎನ್ನುವಾಗ ಮೇಲೆ ಸದ್ದು ಬಂತು, ಬೆರಳೆತ್ತಿ ನಿಂತರು. ಜಂಟಿ ಕಾರ್ಯದರ್ಶಿಗಳು ಅವರ ಮಾತು ಮುಗಿಯಿತೆಂದು ತಿಳಿದು, ಎತ್ತಿದ ಬೆರಳನ್ನು ನಮ್ಮ ಕಡೆಯ ನಮಸ್ಕಾರವೆಂದು ಭಾವಿಸಿ, ತಾವೂ ಒಂದು ಬೆರಳೆತ್ತಿ, ತಲೆಬಾಗಿ, ಮೈಕನ್ನು ಮುಂದಿನವರಿಗೆ ದಾಟಿಸಿದರು.

ಹಾಗಾದರೆ ನೀವು ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ವಿಮಾನ ಹೋಗಿ ನನ್ನ ಬೆರಳು ಇಳಿಯುವ ಹೊತ್ತಿಗೆ ಮೈಕು ಪಕ್ಕದವಳ ಕೈಯಲ್ಲಿತ್ತು, ಅವಳು ಮಾತು ಶುರುಮಾಡಿದ್ದಳು, ಮತ್ತೆ ವಿಮಾನ ಬಂದು ಅವಳೂ ಬೆರಳೆತ್ತಿದಳು. ಎತ್ತಿದ ಬೆರಳನ್ನು ದಾಟಿ ಮಾತಾಡುವುದು ಹೇಗೆ? ಇಷ್ಟು ವರ್ಷ ಕಲಿತ ಮರ್ಯಾದೆ ಅವತ್ತು ನಮ್ಮ ಬಾಯಿಗೆ ಬೀಗ ಹಾಕಿತು. ಪುರಭವನದ ತುಂಬ ಜನ ಅರ್ಧ ಮಾತು ನುಂಗಿಕೊಂಡು ಕೂತಿದ್ದೆವು, ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾ. ಸಭೆ ಸುಸೂತ್ರವಾಗಿ ಮುಗಿಯಿತು. ಮೌನವೇ ಸಮ್ಮತಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ, ಆದರೆ ಆ ಹಿರಿಯರ ಮನೆಯ ಮೇಲೆ ವಿಮಾನ ಹಾರುತ್ತಿರಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದವಳು ನಮ್ಮ ಬೀದಿಯ ದರ್ಜಿ. ಅವಳ ಅಂಗಡಿ ನಡೆಯುವುದೇ ನೆಲೆಯ ಸಮವಸ್ತ್ರಗಳಿಂದ. ಒಪ್ಪಂದ ಮುರಿದರೆ ಮೊದಲು ಮುಚ್ಚುವ ಬಾಗಿಲು ಅವಳದು, ಅದನ್ನು ಅವಳು ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾಳೆ.

“ಡಾಕ್ಟ್ರೇ, ನಿಮಗೇನು ಬಿಡಿ. ಎಲ್ಲಿ ಹೋದ್ರೂ ಜನಕ್ಕೆ ಹಲ್ಲಿರುತ್ತೆ. ನನ್ನ ಮಷೀನು ಯಾರಿಗೆ ಹೊಲೀಲಿ?”

ಸಭೆಯಲ್ಲಿ ಅವಳೂ ಇದನ್ನೇ ಹೇಳಿದಳು: ನೆಲೆ ಇರುವುದರಿಂದ ನನ್ನ ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದಳು. ಬೆರಳೆತ್ತಿದಳು. ಮೈಕು ಹೋಯಿತು. ಹೊರಗೆ ಬಂದ ಮೇಲೆ ಪುರಭವನದ ಮೆಟ್ಟಿಲ ಮೇಲೆ ಕೂತು ಉಳಿದ ಅರ್ಧವನ್ನು ನನಗೆ ಹೇಳಿದಳು. ಅವಳ ಮೊಮ್ಮಗಳಿಗೆ ಮಾತು ಬಂದಿದೆ, ಆದರೆ ಎರಡೆರಡು ಪದ ಆಡಿ ನಿಲ್ಲುತ್ತದೆ. ಆಕಾಶ ಖಾಲಿ ಇದ್ದಾಗಲೂ ಬೆರಳೆತ್ತಿ ನಿಲ್ಲುತ್ತದೆ. ಮಾತು ಅಂದರೆ ಅಷ್ಟೇ ಅಂದುಕೊಂಡಿದೆ ಮಗು.

“ಹೊಟ್ಟೆಗೆ ಹಾಕೋರು ಅಂತ ಇದನ್ನೂ ಹೊಟ್ಟೆಗೆ ಹಾಕ್ಕೋಬೇಕಾ, ನೀವೇ ಹೇಳಿ. ನಾನು ಹೇಳ್ಬೇಕಿದ್ದಿದ್ದು ಇದು. ಅರ್ಧಕ್ಕೇ ಕತ್ತರಿಸಿಬಿಟ್ರಲ್ಲ. ಬಟ್ಟೇನೂ ನಾನು ಹಂಗೆ ಕತ್ತರಿಸಲ್ಲಪ್ಪ.”

ಆಕೆಯನ್ನೂ ನೀವು ಒಪ್ಪಂದದ ಪರ ಎಂದು ಎಣಿಸಿದ್ದೀರಿ. ತಪ್ಪಿಲ್ಲ, ಅರ್ಧದ ಮಟ್ಟಿಗೆ ಅವಳು ಪರವೇ.

ಈಗ ನನ್ನ ಉಳಿದ ಮಾತಿಗೆ ಬರುತ್ತೇನೆ. ನನ್ನನ್ನು ಮಿತ್ರರಾಷ್ಟ್ರದ ವೈರಿ ಎಂದು ತಿಳಿಯಬೇಡಿ. ಅಪ್ಪ ಬದುಕಿರುವವರೆಗೂ ಆ ಔಷಧದ ಖಾಲಿ ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದರು, ನಾನೂ ಎಸೆದಿಲ್ಲ. ಸಣ್ಣ ದೇಶಕ್ಕೆ ಬಲವಾದ ಗೆಳೆಯ ಬೇಕು ಎಂಬುದೂ ನನಗೆ ಗೊತ್ತು. ಗಡಿಯಾಚೆಯ ನಮ್ಮ ನೆರೆಯವರೇನು ಹಾಲು ಕುಡಿದ ಮಕ್ಕಳಲ್ಲ. ಗೆಳೆತನವನ್ನು ಕಡಿದುಕೊಂಡು ಅತ್ತ ದರಿ ಇತ್ತ ಪುಲಿ ಎಂದು ನಿಲ್ಲುವ ಹುಂಬತನವನ್ನು ನಾನು ಬೋಧಿಸುತ್ತಿಲ್ಲ. ಆದರೆ ಸ್ವಾಮಿ, ಕಾಪಾಡುವವರು ಕಾಪಾಡುತ್ತಲೇ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಾರೆ ನೋಡಿ. ಈ ವರ್ಷ ಅವರ ವಿಮಾನಗಳು ನಮ್ಮೂರ ರನ್‌ವೇಯಿಂದ ಎದ್ದು ಹೋಗಿ, ನಾವು ಯಾವತ್ತೂ ಒಂದು ಮಾತಿನ ಜಗಳವನ್ನೂ ಆಡದ ದೂರದ ದೇಶವೊಂದರ ಮೇಲೆ ಬಾಂಬು ಹಾಕಿ ಮರಳಿ ಬರುತ್ತಿವೆ. ಆ ದೇಶ ಈಗ ನಮ್ಮ ರನ್‌ವೇಯೂ ತನ್ನ ಗುರಿ ಎಂದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೈರನ್ ಕೂಗಿದಾಗ ಮೇಜಿನ ಕೆಳಗೆ ಹೇಗೆ ಕೂರಬೇಕೆಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾರೆ. ಯಾರ ಜಗಳಕ್ಕಾಗಿ, ಯಾಕೆ ಎಂದು ಕಲಿಸುವವರಿಗೂ ಗೊತ್ತಿಲ್ಲ. ವಿಮಾನಗಳು ಹೊರಡುವ ಮೊದಲು ನಮ್ಮ ಸರ್ಕಾರವನ್ನು ಒಂದು ಮಾತು ಕೇಳಿದ್ದರೇ ಎಂದು ವಿರೋಧ ಪಕ್ಷದವರು ಸಂಸತ್ತಿನಲ್ಲಿ ಪ್ರಶ್ನಿಸಿದಾಗ, “ಸೂಕ್ತ ಸಮಯದಲ್ಲಿ ಮಾಹಿತಿ ಹಂಚಿಕೊಳ್ಳಲಾಗಿದೆ” ಎಂದಿರಿ. ಸೂಕ್ತ ಸಮಯ ಯಾವುದೆಂದು ನಮ್ಮೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದು ವಿಮಾನ ಹೋದ ಮೇಲಿನ ಸಮಯ.

ನನ್ನ ವೃತ್ತಿಯಲ್ಲಿ ಒಂದು ದುಶ್ಚಟವಿದೆ. ರೋಗಿಯ ಬಾಯಿಯೊಳಗೆ ಕೈ, ಕನ್ನಡಿ, ಹತ್ತಿ ಎಲ್ಲ ತುಂಬಿಸಿಟ್ಟು, ‘ಮತ್ತೇನು ಸಮಾಚಾರ, ಮಕ್ಕಳು ಚೆನ್ನಾಗಿದಾರಾ’ ಎಂದು ಕೇಳುತ್ತೇವೆ. ಅವರು ಗೊರಗೊರ ಅನ್ನುತ್ತಾರೆ. ನಾವು ‘ಒಳ್ಳೇದು, ಒಳ್ಳೇದು’ ಅನ್ನುತ್ತೇವೆ. ನೀವು ಮಿತ್ರರ ರಾಜಧಾನಿಗೆ ಹೋಗಿ ಬಂದಾಗಲೆಲ್ಲ ‘ಮಾತುಕತೆ ಸೌಹಾರ್ದಯುತವಾಗಿತ್ತು’ ಎಂದು ಹೇಳಿಕೆ ಬರುತ್ತದಲ್ಲ, ಆಗೆಲ್ಲ ನನಗೆ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರು ನೆನಪಾಗುತ್ತಾರೆ. ಅಲ್ಲಿ ನಿಮ್ಮ ಬಾಯಿಯಲ್ಲಿ ಯಾರ ಕೈ ಇತ್ತೆಂದು ನಾನು ಕೇಳುವುದಿಲ್ಲ.

ಮಿತ್ರರ ಒಬ್ಬ ತರುಣ ಪೈಲಟ್ ಒಮ್ಮೆ ನನ್ನ ಬಳಿ ಬಂದಿದ್ದ. ನೆಲೆಯ ವೈದ್ಯರು ರಜೆಯಲ್ಲಿದ್ದರು, ಅವನ ದವಡೆ ಊದಿಕೊಂಡಿತ್ತು. ನಮ್ಮ ಭಾಷೆಯನ್ನು ಮಗುವಿನ ಹಾಗೆ ಮುರಿದು ಮುರಿದು ಮಾತಾಡುತ್ತಿದ್ದ. ನಾನು ಹಲ್ಲಿಗೆ ಕೈ ಹಾಕುವುದಕ್ಕೂ ಮೇಲೆ ವಿಮಾನ ಬರುವುದಕ್ಕೂ ಸರಿಹೋಯಿತು. ಕೈ ತೆಗೆದು ನಿಂತೆ. ಬಾಗಿಲ ಬಳಿಯ ಮೇಜಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ ನನ್ನ ಹೆಂಡತಿ ಬೆರಳೆತ್ತಿದಳು. ಅವನು ನಮ್ಮಿಬ್ಬರನ್ನೂ ಬೆರಗಿನಿಂದ ನೋಡಿ, ಸದ್ದು ಹೋದ ಮೇಲೆ ಕೇಳಿದ:

“ಯಾಕೆ ನಿಂತಿರಿ? ತಪ್ಪಾಯ್ತಾ?”

“ನಿಮ್ಮದೇ ವಿಮಾನ ಅಲ್ವಾ,” ಎಂದಳು ನನ್ನವಳು. “ಕೇಳಿಸ್ಲಿಲ್ವಾ?”

ಅವನು ತಲೆಯಾಡಿಸಿದ. “ವಿಮಾನ ಒಳಗೆ ಕೇಳಲ್ಲ,” ಎಂದ. “ಒಳಗೆ ತುಂಬ… ಶಾಂತಿ.” ಆಮೇಲೆ ತನ್ನ ಮಾತಿಗೆ ತಾನೇ ನಾಚಿಕೊಂಡವನಂತೆ ತಲೆ ತಗ್ಗಿಸಿದ.

ಅವನು ಹೋದ ಮೇಲೆ ನನ್ನವಳು ಬಹಳ ಹೊತ್ತು ಅದನ್ನೇ ಆಡಿಕೊಂಡು ನಕ್ಕಳು. “ಶಾಂತಿ ಎಲ್ಲಿದೆ ಅಂತ ಕೊನೆಗೂ ಗೊತ್ತಾಯ್ತಲ್ಲ ಡಾಕ್ಟ್ರೇ. ಒಳಗಡೆ ಕೂತ್ರೆ ಸಿಗುತ್ತಂತೆ.” ಕ್ಲಿನಿಕ್ಕಿನಲ್ಲಿ ಅವಳು ನನ್ನನ್ನು ಡಾಕ್ಟ್ರೇ ಎನ್ನುತ್ತಿದ್ದಳು, ಪರದೆ ದಾಟಿ ಮನೆಯೊಳಗೆ ಕಾಲಿಟ್ಟರೆ ರೀ ಎನ್ನುತ್ತಿದ್ದಳು. ಎರಡರ ನಡುವೆ ಇದ್ದದ್ದು ಒಂದು ಪರದೆ ಅಷ್ಟೇ, ಆದರೂ ಒಂದು ದಿನವೂ ತಪ್ಪು ಮಾಡಿದವಳಲ್ಲ.

ಅವಳ ಬಗ್ಗೆ ಹೇಳಲೆಂದೇ ನಾನು ಅವತ್ತು ಸಭೆಯಲ್ಲಿ ಎದ್ದು ನಿಂತದ್ದು.

ಕಾಯಿಲೆ ಅವಳನ್ನು ನಿಧಾನವಾಗಿ ತೆಗೆದುಕೊಂಡಿತು. ಕೊನೆಗೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲೇ ಮಂಚ ಹಾಕಿದ್ದೆ, ಕೆಲಸದ ನಡುವೆ ನೋಡುತ್ತಿರಬಹುದೆಂದು. ಒಂದು ಮಧ್ಯಾಹ್ನ, ಒಳ್ಳೆಯ ಬಿಸಿಲು, ನಾನು ಅವಳ ದಿಂಬು ಸರಿಮಾಡುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದು, “ರೀ, ಇಲ್ಲಿ ಕೇಳಿ. ನಾನಿಲ್ದೇ ಇರುವಾಗ ನೀವು ಯಾವತ್ತೂ…” ಎಂದಳು. ವಿಮಾನ ಬಂತು. ಅವಳು ಬೆರಳೆತ್ತಿದಳು. ನಾನು ಅವಳ ಮುಖ ನೋಡುತ್ತಾ ಕಾದೆ. ಔಷಧದ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸದ್ದು ದೂರವಾಯಿತು, ಅವಳ ಬೆರಳು ಮೆಲ್ಲಗೆ ಹೊದಿಕೆಯ ಮೇಲೆ ಇಳಿಯಿತು. ಬೆರಳು ಇಳಿದರೆ ಮಾತು ಬರಬೇಕು. ಪದ ಹುಡುಕುತ್ತಿದ್ದಾಳೆ ಅಂದುಕೊಂಡು ನಾನು ಕಾದೆ. ಅಡ್ಡ ಮಾತಾಡಬಾರದೆಂದು ಬಾಯಿ ಬಿಡದೆ ಕಾದೆ. ನಾನು ವೈದ್ಯ, ಅವಳ ಕಣ್ಣು ನೋಡಿದರೆ ನನಗೆ ತಿಳಿಯಬೇಕಿತ್ತು. ಆ ಹೊತ್ತಿಗೆ ನಾನು ವೈದ್ಯನಾಗಿರಲಿಲ್ಲ, ನಮ್ಮೂರಿನವನಾಗಿದ್ದೆ. ಹೊರಗಿನಿಂದ ಯಾರೋ ರೋಗಿ “ಡಾಕ್ಟ್ರೇ, ಇದೀರಾ?” ಎಂದು ಕೂಗಿದಾಗ ನಾನು ಅವರಿಗೆ ಬೆರಳೆತ್ತಿ ತೋರಿಸಿದೆ, ತಡಿ ಎಂದು.

ವಿಮಾನ ನನ್ನ ಹೆಂಡತಿಯನ್ನು ಕೊಂದಿತು ಎಂದು ನಾನು ದೂರುತ್ತಿಲ್ಲ. ಅವಳನ್ನು ಕೊಂದದ್ದು ಕಾಯಿಲೆ. ವಿಮಾನ ತೆಗೆದುಕೊಂಡು ಹೋದದ್ದು ಅರ್ಧ ವಾಕ್ಯ. ಒಂದು ದೇಶದ ಭದ್ರತೆಯ ಎದುರು ಅರ್ಧ ವಾಕ್ಯ ಯಾವ ಲೆಕ್ಕ? ಆದರೆ ನನಗೆ ಸಿಗಬೇಕಾದದ್ದು ಅದೊಂದೇ ಆಗಿತ್ತು. ಯಾವತ್ತೂ ಏನು? ಯಾವತ್ತೂ ಊಟ ಬಿಡಬೇಡಿ ಎನ್ನಲಿದ್ದಳೇ? ಕ್ಲಿನಿಕ್ಕು ಮುಚ್ಚಬೇಡಿ ಎನ್ನಲಿದ್ದಳೇ? ಈ ಊರು ಬಿಟ್ಟು ಹೋಗಬೇಡಿ ಎಂದೇ, ಇಲ್ಲಿ ಒಬ್ಬರೇ ಇರಬೇಡಿ ಎಂದೇ? ಗೊತ್ತಿಲ್ಲದ ಕಾರಣ ನಾನು ಎಲ್ಲವನ್ನೂ ಪಾಲಿಸಲು ನೋಡುತ್ತೇನೆ. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ರೋಗಿಗಳಿಲ್ಲದಿದ್ದರೂ ಬಾಗಿಲು ತೆರೆಯುತ್ತೇನೆ. ಕೆಲವಂತೂ ಒಂದನ್ನು ಪಾಲಿಸಿದರೆ ಇನ್ನೊಂದು ಮುರಿಯುವಂಥವು.

ಒಬ್ಬರೇ ಇರಬೇಡಿ ಎಂದಿರಬಹುದೆಂದು ಹಿಂದಿನ ವರ್ಷ ರಾಜಧಾನಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಊಟದ ಹೊತ್ತಿನಲ್ಲಿ ಏನೋ ಹೇಳುತ್ತಿದ್ದೆ, ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಹೋಯಿತು. ನಾನು ಬೆರಳೆತ್ತಿ ಮಾತು ನಿಲ್ಲಿಸಿದೆ. ಯಾರೂ ಕಾಯಲಿಲ್ಲ. ಭಾವ ಉಪ್ಪು ಕೇಳಿದರು, ಮಕ್ಕಳು ಎದ್ದು ಹೋದರು, ಅಕ್ಕ ಮಾತ್ರ ಗಾಬರಿಯಿಂದ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

“ಏನಾಯ್ತೋ ನಿಂಗೆ? ಎದೆ ನೋವಾ?”

“ಏನಿಲ್ಲ ಅಕ್ಕ. ಲಾರಿ ಹೋಗ್ಲಿ ಅಂತ.”

ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ನಾನು ಹೇಳುತ್ತಿದ್ದ ಮಾತು ಏನೆಂದು ಯಾರೂ ಕೇಳಲಿಲ್ಲ. ಒಬ್ಬಂಟಿತನ ಎಂದರೆ ಜನ ಇಲ್ಲದಿರುವುದು ಎಂದು ತಿಳಿದಿದ್ದೆ. ತುಂಬಿದ ಮನೆಯಲ್ಲಿ ಬೆರಳೆತ್ತಿ ಕೂತಾಗ ಅದು ಬೇರೆಯೇ ಏನೋ ಎಂದು ಗೊತ್ತಾಯಿತು. ಆ ವಾರವೇ ಮರಳಿ ಬಂದೆ.

ಮರಳಿ ಬಂದಾಗ ಮನೆಯ ಮುಂದೆ ಕೆಲಸದವರು ನಿಂತಿದ್ದರು. ಮಿತ್ರರಾಷ್ಟ್ರದ ಸದ್ಭಾವನೆಯ ಕೊಡುಗೆ, ಹಾರಾಟದ ದಾರಿಯ ಕೆಳಗಿರುವ ಮನೆಗಳಿಗೆಲ್ಲ ಸದ್ದು ತಡೆಯುವ ಜೋಡಿ ಗಾಜಿನ ಕಿಟಕಿ. ನಿಮ್ಮ ಇಲಾಖೆಯ ಫಲಕವೂ ಜೊತೆಗಿತ್ತು. ಹಿಂದಿನ ಕೋಣೆಗೂ ಹಾಕಿಕೊಟ್ಟರು. ಅಚ್ಚುಕಟ್ಟಾದ ಕೆಲಸ, ಸುಳ್ಳು ಹೇಳಬಾರದು. ಈಗ ಕಿಟಕಿ ಮುಚ್ಚಿದರೆ ಆ ಕೋಣೆಯಲ್ಲಿ ವಿಮಾನ ಬಂದದ್ದೇ ತಿಳಿಯುವುದಿಲ್ಲ. ಒಂದು ವಾಕ್ಯವನ್ನು ಶುರುವಿನಿಂದ ಕೊನೆಯವರೆಗೂ ನೆಮ್ಮದಿಯಾಗಿ ಆಡಬಹುದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನನ್ನ ರೋಗಿಗಳು ನನ್ನನ್ನು ರೇಗಿಸಲು ಹೇಳುವ ಗಾದೆಯಿದೆ. ಆ ಕೋಣೆಯಲ್ಲಿ ನಿಂತಾಗ ಅದು ನಗು ತರುವುದಿಲ್ಲ. ಮಂಚ ಅಲ್ಲೇ ಇದೆ. ನಾನು ಕಿಟಕಿ ತೆರೆದೇ ಇಡುತ್ತೇನೆ. ಆ ಮೌನದಲ್ಲಿ ಕೂರಲು ನನಗೆ ಧೈರ್ಯವಿಲ್ಲ.

ಮುಂದಿನ ತಿಂಗಳು ನೀವು ಸಹಿ ಹಾಕುತ್ತೀರಿ. ಇನ್ನೊಂದು ತಲೆಮಾರು ಎಂದರೆ ದರ್ಜಿಯ ಮೊಮ್ಮಗಳು ಬೆಳೆದು, ಮದುವೆಯಾಗಿ, ಅವಳ ಮಕ್ಕಳೂ ಬೆರಳೆತ್ತಲು ಕಲಿಯುವಷ್ಟು ಕಾಲ. ಒಪ್ಪಂದವನ್ನು ಹರಿದು ಹಾಕಿ ಎಂದು ನಾನು ಕೇಳುತ್ತಿಲ್ಲ. ಮರುಯೋಚನೆ ಮಾಡಿ ಎಂದಷ್ಟೇ ಹೇಳಿದರೆ ನೀವು ಸಮಿತಿಯೊಂದನ್ನು ನೇಮಿಸಿ ಕೈ ತೊಳೆದುಕೊಳ್ಳುತ್ತೀರಿ, ಅದೂ ನನಗೆ ಗೊತ್ತು. ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಸಹಿ ಹಾಕುವ ಮೊದಲು ನಮ್ಮೂರಿನಲ್ಲಿ ಸಭೆಯನ್ನು ಇನ್ನೊಮ್ಮೆ ಕರೆಯಿರಿ, ಈ ಸಲ ನೀವೇ ಬನ್ನಿ. ಮತ್ತು ಆ ಒಂದು ಬೆಳಗ್ಗೆ ವಿಮಾನಗಳನ್ನು ನೆಲದ ಮೇಲೆ ಇಟ್ಟುಕೊಳ್ಳಿ ಎಂದು ನಿಮ್ಮ ಮಿತ್ರರನ್ನು ಕೇಳಿ. ಯುದ್ಧ ನಿಲ್ಲಿಸಿ ಎನ್ನಬೇಡಿ, ನೆಲೆ ಖಾಲಿ ಮಾಡಿ ಎನ್ನಬೇಡಿ. ‘ನಮ್ಮ ಜನ ಏನೋ ಹೇಳಬೇಕಂತೆ, ಮಧ್ಯಾಹ್ನದವರೆಗೆ ತಡೀರಿ’ ಎಂದರೆ ಸಾಕು.

ಅವರು ಒಪ್ಪಿದರೆ ನಾನೇ ಮೊದಲು ಎದ್ದು ನಿಂತು, ಅಪ್ಪನ ಔಷಧದ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಇವರು ಗೆಳೆಯರು ಎಂದು ಹೇಳುತ್ತೇನೆ. ಒಪ್ಪದಿದ್ದರೆ ನಾವು ಯಾರ ಜೊತೆ ಇದ್ದೇವೆಂದು ನಿಮಗೂ ಗೊತ್ತಾಗುತ್ತದೆ. ಆನೆ ನಡೆದದ್ದೇ ದಾರಿ ಎಂಬುದು ನಿಜ, ಆದರೆ ಜೊತೆಯಲ್ಲಿ ನಡೆಯುವವನಿಗೆ ಒಮ್ಮೆಯಾದರೂ ‘ತಡಿ’ ಎನ್ನಲಾಗದಿದ್ದರೆ ಅವನನ್ನು ಗೆಳೆಯ ಎನ್ನುವುದಿಲ್ಲ. ನನಗೆ ಇರುವ ಭಯ ಇದಾವುದೂ ಅಲ್ಲ. ಅವರು ಒಪ್ಪುತ್ತಾರೋ ಇಲ್ಲವೋ ಎಂಬುದು ಆಮೇಲಿನ ಮಾತು. ನೀವು ಅವರನ್ನು ಕೇಳುವುದೇ ಇಲ್ಲವೇನೋ ಎಂಬುದು ನನ್ನ ಭಯ. ಎಷ್ಟೋ ವರ್ಷಗಳಿಂದ ಅವರ ಎದುರು ಬೆರಳೆತ್ತಿ ನಿಂತೂ ನಿಂತೂ, ಹೇಳಬೇಕಿದ್ದ ಮಾತು ಏನೆಂದು ನಿಮಗೇ ಮರೆತುಹೋಗಿರಬಹುದು.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಕಾಯುವುದು ನಮಗೆ ಚೆನ್ನಾಗಿ ಬರುತ್ತದೆ. ನನ್ನವಳ ಬೆರಳು ಇಳಿದ ಮೇಲೂ ನಾನು ಅವಳ ಮಾತಿಗೆ ಕಾದವನು. ಅವಳಿಗೆ ಮಾತು ಮುಗಿಸಲು ಆಗಲಿಲ್ಲ. ನಿಮಗೆ ಇನ್ನೂ ಆಗುತ್ತದೆ.

ಇಂತಿ,
ಭಾವುಕನಾಗಿ ಮಾತು ನಿಲ್ಲಿಸದ,
ಇನ್ನೂ ಬೆರಳು ಇಳಿಸದ,
ವಾಯುನೆಲೆ ರಸ್ತೆಯ ಹಲ್ಲಿನ ಡಾಕ್ಟರು